ಕೊನೆಗೆ ಉಳಿದವ್ನೇ ಕೀಪರ್ (ಭಾಗ 4)

1948, ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್ಫರ್ಡ್ ಅನ್ನೋ ಕಡೆ ಒಂದು ಮೈದಾನ. ಆ ಕಡೆ ಫ್ರಾನ್ಸ್, ಈ ಕಡೆ ಸ್ವಾತಂತ್ರ್ಯ ಬಂದು ಒಂದು ವರ್ಷವೂ ತುಂಬದ ನಮ್ಮ ಇಂಡಿಯಾ. ನಮ್ಮೋರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟೇ ಇಲ್ಲ. ಗೋಲಲ್ಲಿ ನಿಂತಿದ್ದವ್ರು ಯಾರು ಗೊತ್ತಾ? ಕೆಂಚಪ್ಪ ವರದರಾಜ್. ಮೈಸೂರು ಕಡೆಯಿಂದ ಹೋದವರು. ಹೆಸರು ಕೇಳಿದ್ರೆ ಪಕ್ಕದ ಬೀದಿಯವರು ಅನ್ಸಲ್ವಾ?

ಫ್ರಾನ್ಸ್ ಮೊದಲು ಹೊಡೀತು. 70ನೇ ನಿಮಿಷದಲ್ಲಿ ಬೆಂಗಳೂರಿನ ಸಾರಂಗಪಾಣಿ ರಾಮನ್ ಸಮ ಮಾಡಿದ್ರು. ನಮಗೆ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ದಂಡ. ಇನ್ನೇನು ಮುಗೀತು ಅನ್ನೋ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2-1 ಮಾಡ್ತು. ರಾಮನ್ ಹೆಸರು ಒಲಿಂಪಿಕ್ಸ್‌ನಲ್ಲಿ ಇಂಡಿಯಾದ ಮೊದಲ ಫುಟ್‌ಬಾಲ್ ಗೋಲು ಅಂತ ಉಳೀತು. ಬರಿಗಾಲ ಕಥೆ ಈಗಲೂ ರೀಲ್ಸಲ್ಲಿ ಓಡ್ತದೆ. ತೊಂಬತ್ತು ನಿಮಿಷ ಗೋಲು ಕಾದವರ ಹೆಸರನ್ನ ನಮ್ಮ ಕ್ಲಾಸಲ್ಲಿ ಕೇಳಿ ನೋಡಿದೆ. ಒಬ್ರಿಗೂ ಗೊತ್ತಿಲ್ಲ.

ನಮ್ಮೂರ ಕಥೆ ನಿಮಗೇ ಗೊತ್ತಲ್ಲ. ಹರದನಹಳ್ಳೀಲಿ ಕ್ರಿಕೆಟ್ ಬಿಟ್ರೆ ಕಬಡ್ಡಿ, ಕಬಡ್ಡಿ ಬಿಟ್ರೆ ವಾಲಿಬಾಲ್. ಯಾವಾಗ್ಲೋ ಒಂದಿನ ಫುಟ್‌ಬಾಲ್ ಆಡೋಣ ಅಂದ್ರೆ, ಓಡೋಕೆ ಆಗದವ್ನು, ಚಿಕ್ಕವ್ನು, ಇಲ್ಲಾ ಹೊಸದಾಗಿ ಸೇರಿದವ್ನು, ಅವ್ನೇ ಕೀಪರ್. ಯಾರೂ ಕೈ ಎತ್ತಿ "ನಾನು ನಿಲ್ತೀನಿ" ಅನ್ನಲ್ಲ. ನಾನೂ ಹಂಗೇ ನಿಂತವ್ನು. ಈ ಫೋಟೋದಲ್ಲಿ ಎರಡು ಜೊತೆ ಚಪ್ಪಲಿ ಕಾಣ್ತಾ ಇದೆಯಲ್ಲ, ಅದೇ ನಮ್ಮ ಗೋಲು. ಚೆಂಡು ಚಪ್ಪಲಿ ಮೇಲೆ ಹೋದ್ರೆ ಗೋಲಾ ಅಲ್ವಾ ಅಂತ ಅರ್ಧ ಗಂಟೆ ಜಗಳ. ಆಟಕ್ಕಿಂತ ಅದೇ ಜಾಸ್ತಿ ಹೊತ್ತು.

ನಿಜವಾದ ಗೋಲಿನ ಅಳತೆ ಗೊತ್ತಾದಾಗ ನನಗೆ ಎದೆ ಧಸಕ್ ಅಂತು. ಅಗಲ 7.32 ಮೀಟರ್, ಎತ್ತರ 2.44. ಸುಮಾರು 18 ಚದರ ಮೀಟರ್. ನಮ್ಮ ಮನೆ ನಡುಮನೆ ಅಷ್ಟಿಲ್ಲ ಕಣ್ರಪ್ಪಾ. ಪೆನಾಲ್ಟಿ ಒದೆಯೋದು 11 ಮೀಟರ್ ದೂರದಿಂದ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚೆಂಡು ಬಂದ್ರೆ ಗೆರೆ ಮುಟ್ಟೋಕೆ 0.4 ಸೆಕೆಂಡ್. ಒದೆಯೋ ಗಳಿಗೇಲಿ ಕೀಪರ್‌ದು ಒಂದು ಕಾಲಾದ್ರೂ ಗೆರೆ ಮೇಲಿರ್ಬೇಕು. ನೋಡಿ ಹಾರ್ತೀನಿ ಅಂದ್ರೆ ತಡವಾಯ್ತು. ಮೊದಲೇ ಹಾರಿದ್ರೆ ಒದೆಯೋನು ಇನ್ನೊಂದು ಕಡೆ ತಳ್ತಾನೆ. ಅದಕ್ಕೇ ಅವನ ಸೊಂಟ, ನೆಲಕ್ಕೂರಿದ ಕಾಲು ಎತ್ತ ತಿರುಗಿದೆ ಅಂತ ನೋಡ್ತಾರೆ. ಅದೂ ಪೂರ್ತಿ ಗ್ಯಾರಂಟಿ ಇಲ್ಲ.

ಈಗ ಬೆಂಗಳೂರು ಎಫ್‌ಸಿ ಗೋಲಿಗೆ ಬರೋಣ. ಗುರುಪ್ರೀತ್ ಸಿಂಗ್ ಸಂಧು ಪಂಜಾಬಿನವ್ನು, 2017ರಿಂದ ಬೆಂಗಳೂರಿನವ್ನು. ಎತ್ತರ 1.97 ಮೀಟರ್, ಬಸ್ಸಲ್ಲಿ ನಿಂತ್ರೆ ತಲೆ ಬಗ್ಗಿಸ್ಬೇಕು. ಅದಕ್ಕೆ ಮೊದಲು ಮೂರು ವರ್ಷ ನಾರ್ವೆಯ ಸ್ಟಾಬೆಕ್ ಕ್ಲಬ್ಬಲ್ಲಿದ್ದ. ಆ ಚಳೀಲಿ ಹೆಚ್ಚು ಕಾಲ ಬೆಂಚಲ್ಲೇ ಕೂತಿದ್ದ. ಆದ್ರೂ 2016ರಲ್ಲಿ ಯುರೋಪಾ ಲೀಗಲ್ಲಿ ಆಡಿದ ಮೊದಲ ಭಾರತೀಯ ಆದ. 2019ರ ಸೆಪ್ಟೆಂಬರ್ 10, ದೋಹಾ, ಎದುರಿಗೆ ಅದೇ ವರ್ಷ ಏಷ್ಯಾ ಚಾಂಪಿಯನ್ ಆಗಿದ್ದ ಕತಾರ್. ಛೆಟ್ರಿಗೆ ಜ್ವರ, ಕ್ಯಾಪ್ಟನ್ ಪಟ್ಟಿ ಗುರುಪ್ರೀತ್ ತೋಳಿಗೆ. ಕತಾರ್‌ನವ್ರು 27 ಸಲ ಗೋಲಿಗೆ ಹೊಡೆದ್ರು. ಕೊನೆಗೆ 0-0. ಅವತ್ತು ನಾನು ಫೋನಲ್ಲಿ ನೋಡ್ತಾ ಕೂಗಿದ್ದಕ್ಕೆ ಅವ್ವ ಒಳಗಿಂದ ಓಡಿ ಬಂದಿದ್ಲು, ಹಾವು ಬಂತು ಅಂತ.

2023ರಲ್ಲಿ ನೋಡಿ. ಮಾರ್ಚ್‌ನಲ್ಲಿ ಗೋವಾದಲ್ಲಿ ಐಎಸ್‌ಎಲ್ ಫೈನಲ್, ಪೆನಾಲ್ಟೀಲಿ ಬೆಂಗಳೂರು ಸೋತು. ಆಚೆ ಗೋಲಲ್ಲಿ ಗೆದ್ದವ್ನು ವಿಶಾಲ್ ಕೈತ್. ಜುಲೈ 4ಕ್ಕೆ ನಮ್ಮ ಕಂಠೀರವದಲ್ಲೇ ಸ್ಯಾಫ್ ಫೈನಲ್, ಕುವೈತ್ ಮೇಲೆ 1-1, ಪೆನಾಲ್ಟಿ ಐದೈದು ಮುಗಿದು ಆರನೇದು. ಗುರುಪ್ರೀತ್ ತಡೆದ, ಇಂಡಿಯಾ 5-4. ನಾಲ್ಕು ತಿಂಗಳಲ್ಲಿ ಒಬ್ಬನೇ ಮನುಷ್ಯ, ಎರಡೂ ಕಂಡ. 2025ರ ಮಾರ್ಚ್‌ನಲ್ಲಿ ಬಾಂಗ್ಲಾದೇಶದ ಮೇಲೆ ಇಂಡಿಯಾ ಗೋಲಲ್ಲಿ ನಿಂತವ್ನು ಅದೇ ಕೈತ್.

ಒಂಬತ್ತನೇ ಕ್ಲಾಸಿನ ಒಬ್ಬ ತಮ್ಮ ಮೆಸೇಜ್ ಮಾಡಿದ್ದ: "ಅಣ್ಣ, ಕೀಪರ್ ಆಗ್ಬೇಕು. ಇದರಲ್ಲಿ ಜೀವನ ಆಗ್ತದಾ?" ಹೂಂ ಅಂತ ಹಾರ್ಟ್ ಕಳಿಸೋದು ಸುಲಭ ಇತ್ತು. ಆದ್ರೆ ಸುಳ್ಳು ಹೇಳಲ್ಲ ಕಣೋ. ಸ್ಟ್ರೈಕರ್ ಆದ್ರೆ ರೆಕ್ಕೆ ಕಡೆ ಆಡ್ಬೋದು, ಮಧ್ಯ ಆಡ್ಬೋದು, ಕೊನೇ ಹತ್ತು ನಿಮಿಷ ಇಳೀಬೋದು. ಕೀಪರ್‌ಗೆ ಜಾಗ ಒಂದೇ. ಆ ಒಬ್ಬ ಬಿದ್ರೇ ನೀನು ಏಳೋದು. ದುಡ್ಡಿನ ವಿಷ್ಯ ಕೇಳು: 2025ರ ಆಗಸ್ಟಲ್ಲಿ ಐಎಸ್‌ಎಲ್ ಮುಂದೇನು ಅಂತ ಯಾರಿಗೂ ಗೊತ್ತಿಲ್ದೆ ಬೆಂಗಳೂರು ಎಫ್‌ಸಿಯೇ ಮೊದಲ ತಂಡದ ಸಂಬಳ ನಿಲ್ಲಿಸ್ತು. ದೇಶದ ದೊಡ್ಡ ಕೀಪರ್ ಕಥೆಯೇ ಹಂಗೆ. ಮುಂದಿನ ತಿಂಗಳು, ಸೆಪ್ಟೆಂಬರ್ 8ಕ್ಕೆ, ಅದೇ ಗುರುಪ್ರೀತ್ ಒಮಾನ್‌ನ ಕೊನೇ ಪೆನಾಲ್ಟಿ ಹಿಡಿದು ಇಂಡಿಯಾನ ಕಾಫಾ ಕಪ್ಪಲ್ಲಿ ಮೂರನೇ ಜಾಗಕ್ಕೆ ತಂದ.

ಇನ್ನೊಂದು ಕಡೆ ನೋಡಿದ್ರೆ ಕೀಪರ್ ಆಯಸ್ಸು ಉದ್ದ. ಸ್ಕಾಟ್ಲೆಂಡಿನ ಕ್ರೇಗ್ ಗೋರ್ಡನ್ ಅಂತ ಒಬ್ಬ ಅವ್ನೆ. ಮೊಣಕಾಲು ಕೆಟ್ಟು ಎರಡು ವರ್ಷ ಯಾವ ಕ್ಲಬ್ಬೂ ಇರಲಿಲ್ಲ. 2014ರಲ್ಲಿ ಸೆಲ್ಟಿಕ್ ಕರೀತು. 2022ರ ಡಿಸೆಂಬರ್‌ನಲ್ಲಿ ಕಾಲೇ ಮುರೀತು. 2025ರ ನವೆಂಬರ್‌ನಲ್ಲಿ, 42ನೇ ವಯಸ್ಸಲ್ಲಿ, ಡೆನ್ಮಾರ್ಕ್ ಎದುರು ಸ್ಕಾಟ್ಲೆಂಡ್ ಗೋಲಲ್ಲಿ ನಿಂತಿದ್ದ. 4-2. 1998ರ ಮೇಲೆ ಮೊದಲ ಸಲ ಅವರ ದೇಶ ವರ್ಲ್ಡ್ ಕಪ್‌ಗೆ ಹೋಯ್ತು. ತಮಾಷೆ ಅಂದ್ರೆ ಆ ಸೀಸನ್‌ಲ್ಲಿ ಅವನ ಸ್ವಂತ ಕ್ಲಬ್ ಗೋಲಲ್ಲಿ ನಿಲ್ತಿದ್ದವ್ನು ಬೇರೆಯವ್ನು.

ಈ ಕೊನೇ ಸಾಲನ್ನ ನಾನು ಮೂರು ಸಲ ಓದಿದ್ದೀನಿ. ಯಾಕಂದ್ರೆ ನಾನೂ ಕಾಲೇಜು ಟೀಮಲ್ಲಿ ಎರಡನೇ ಕೀಪರ್. ಎರಡು ವರ್ಷದಲ್ಲಿ ಆಡಿದ್ದು ಒಂದೇ ಮ್ಯಾಚು, ಅದೂ ಮೊದಲನೆಯವ್ನಿಗೆ ಜ್ವರ ಬಂದಿದ್ದಕ್ಕೆ. ಇದು ಕೊನೇ ವರ್ಷ. ಮನೇಲಿ ಅಪ್ಪ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕು ಅಂತವ್ರೆ. ಹಾಕ್ತೀನಿ. ಬೆಳಿಗ್ಗೆ ಚಾಮರಾಜನಗರದ ಬಸ್ಸಿಗೆ ಮುಂಚೆ ಉತ್ತ ಹೊಲದಲ್ಲಿ ಬೀಳೋದನ್ನೂ ಬಿಟ್ಟಿಲ್ಲ. ಮಣ್ಣು ಮೆತ್ತಗಿರ್ತದೆ, ಮೊಣಕೈ ತರಚಲ್ಲ. ತಮ್ಮಾ, ಬೇಕಾದ್ರೆ ನೀನೂ ಬಾ. ಉಗುರು ಕತ್ತರಿಸ್ಕೊಂಡು ಬಾ.