ಅಪ್ಪನ ಕೈಯಳತೆ

2024ರ ಆಯುಧಪೂಜೆಯ ಬೆಳಿಗ್ಗೆ ಅಪ್ಪನ ಕೈಯಿಂದ ರಿವಾಲ್ವರ್ ಜಾರಿ ಬಿತ್ತು. ಒಳಗೆ ಗುಂಡುಗಳಿರಲಿಲ್ಲ. ಪೂಜೆಗೆ ಮುಂಚೆ ಅವನ್ನೆಲ್ಲ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕುವುದು ಅವನ ಕಟ್ಟುನಿಟ್ಟು. ಆದರೂ ಕೆಂಪು ನೆಲದ ಮೇಲೆ ಕಬ್ಬಿಣ ಬಿದ್ದ ಸದ್ದಿಗೆ ಅಮ್ಮ ಅಡುಗೆಮನೆಯಿಂದ ಓಡಿ ಬಂದಳು. ತಕ್ಕಡಿ, ಮಚ್ಚು, ಕುಡುಗೋಲು, ನನ್ನ ಸ್ಕೂಟಿ ಕೀ, ಅರ್ಧ ಬರೆದ ಥೀಸಿಸ್ ಇರುವ ಲ್ಯಾಪ್‌ಟಾಪ್ ಎಲ್ಲಕ್ಕೂ ಕುಂಕುಮ ಇಟ್ಟಾಗಿತ್ತು. ಅಪ್ಪ ತನ್ನ ಬಲಗೈಯನ್ನೇ ನೋಡುತ್ತ ನಿಂತಿದ್ದ.

“ನಿಮ್ಮ ವಯಸ್ಸಿಗೆ ಇನ್ನು ಅದ್ಯಾಕ್ರೀ? ವಾಪಸ್ ಕೊಟ್ಟುಬಿಡಿ” ಅಂದಳು ಅಮ್ಮ.

“ಗನ್ನು ಸರಿಯಾಗೇ ಐತೆ. ಗ್ರಿಪ್ಪು ಸರಿ ಇಲ್ಲ” ಅಂದ ಅಪ್ಪ.

ದಾಬಸ್‌ಪೇಟೆ ರಸ್ತೆಯಿಂದ ಬದುಕುವ ಊರು. ಡಾಬ್ಸ್ ಎಂಬ ಬ್ರಿಟಿಷ್ ಅಧಿಕಾರಿಯ ಹೆಸರು ಹೊತ್ತು ಬೆಂಗಳೂರು–ತುಮಕೂರು ಹೆದ್ದಾರಿಗೆ ಅಂಟಿಕೊಂಡಿದೆ. ಈಗ ಸೋಂಪುರದ ಕಾರ್ಖಾನೆಗಳ ದೀಪ ರಾತ್ರಿಯಿಡೀ ಉರಿಯುತ್ತದೆ. ಅಪ್ಪ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಕಾಲಕ್ಕೆ ಆ ಬೆಳಕಿರಲಿಲ್ಲ. ತಿಪಟೂರಿನ ಮಾರುಕಟ್ಟೆಗೆ ಸೊಂಟದಲ್ಲಿ ನೋಟಿನ ಕಟ್ಟು ಕಟ್ಟಿಕೊಂಡೇ ಹೋಗಬೇಕಿತ್ತು. 1997ರಲ್ಲಿ ಒಂದು ರಾತ್ರಿ ಇಬ್ಬರು ಅಡ್ಡಗಟ್ಟಿದರು. ದುಡ್ಡು ಬಿಡಲೊಲ್ಲದ ಕೈಗೆ ರಾಡಿನಿಂದ ಹೊಡೆದರು. ಏಟು ಬಿದ್ದದ್ದು ಹೆಬ್ಬೆರಳ ಬುಡಕ್ಕೆ. ಅದಾದ ಮೇಲೆ ಅರ್ಜಿ, ವಿಚಾರಣೆ, ಲೈಸೆನ್ಸು. ಮುಂದಿನ ವರ್ಷ ಪಾಯಿಂಟ್ 32 ರಿವಾಲ್ವರ್ ಮನೆಗೆ ಬಂತು. ನಾನಾಗ ಅಂಬೆಗಾಲಿಡುವ ಕೂಸು. ಅದನ್ನು ಯಾರ ಮೇಲೂ ಹಾರಿಸುವ ಪ್ರಸಂಗ ಬರಲಿಲ್ಲ. ಕೊಬ್ಬರಿಯ ದುಡ್ಡು ಈಗ ಫೋನಿನಿಂದ ಫೋನಿಗೆ ಹೋಗುತ್ತದೆ. ಅಪ್ಪನ ಸೊಂಟದಲ್ಲಿ ಬರೀ ಉಡಿದಾರ.

ಅದೇ ವರ್ಷ ಲೋಕಸಭೆ ಚುನಾವಣೆಗೆಂದು ರಿವಾಲ್ವರನ್ನು ಸ್ಟೇಷನ್ನಿಗೆ ಒಪ್ಪಿಸಿದ್ದೆವು. ಏಪ್ರಿಲ್ 26ಕ್ಕೆ ಮತದಾನ, ಜೂನ್ 4ಕ್ಕೆ ಫಲಿತಾಂಶ. ಅದು ವಾಪಸ್ ಬರುವವರೆಗೂ ಅಮ್ಮ ಚೆನ್ನಾಗಿ ನಿದ್ದೆ ಮಾಡಿದಳು. ಅಪ್ಪ ಮಾತ್ರ ಸ್ಟೇಷನ್ನಿನ ರಸೀದಿಯನ್ನು ಪರ್ಸಿನಲ್ಲಿಟ್ಟುಕೊಂಡು ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದ.

ಈ ವಿಷಯದಲ್ಲಿ ನಾನು ಅಮ್ಮನ ಪಕ್ಷ. ಆದರೂ “ಒಳ್ಳೆ ಗ್ರಿಪ್ ಎಲ್ಲಿ ಸಿಗ್ತದೆ ನೋಡಮ್ಮ, ನೀನು ರಿಸರ್ಚ್ ಮಾಡೋಳು” ಎಂದಾಗ ಇಲ್ಲ ಎನ್ನಲಾಗಲಿಲ್ಲ. ನನ್ನ ಸಂಶೋಧನೆ ವೀರಗಲ್ಲುಗಳ ಮೇಲೆ. ನಾಲ್ಕು ವರ್ಷದಿಂದ ಹಿಡಿ ಹಿಡಿದ ಕೈಗಳನ್ನೇ ನೋಡುತ್ತಿದ್ದೇನೆ. ಕೆಳಗಿನ ಹಂತದಲ್ಲಿ ಯುದ್ಧ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಶಿಲ್ಪಿ ಕತ್ತಿಯ ಅಲಗನ್ನು ಅಕ್ಕರೆಯಿಂದ ಕೆತ್ತಿರುತ್ತಾನೆ. ಹಿಡಿ ಮಾತ್ರ ಮುಷ್ಟಿಯೊಳಗೆ ಮುಚ್ಚಿಹೋಗಿರುತ್ತದೆ. ಅದು ಆ ಕೈಗೆ ಒಪ್ಪುತ್ತಿತ್ತೇ, ಅಂಗೈಯಲ್ಲಿ ಜಡ್ಡು ಬಿದ್ದಿತ್ತೇ ಎಂದು ಕಲ್ಲು ಹೇಳುವುದಿಲ್ಲ. (ಹತ್ತನೆಯ ಶತಮಾನದ ಆತಕೂರಿನ ಕಲ್ಲಿನಲ್ಲಿ ಹಂದಿಯ ಜೊತೆ ಕಾದಾಡುವುದು ಕಾಳಿ ಎಂಬ ನಾಯಿ. ನನಗೆ ಗೊತ್ತಿರುವ ವೀರರಲ್ಲಿ ಹಿಡಿಯ ತಾಪತ್ರಯ ಇಲ್ಲದ್ದು ಅದೊಂದೇ.)

ಹುಡುಕುತ್ತ ಹೋದಂತೆ ವಿಷಯ ನನ್ನನ್ನೇ ಹಿಡಿದುಕೊಂಡಿತು. ಅಪ್ಪನ ರಿವಾಲ್ವರ್ ನಮ್ಮ ಆರ್ಡ್‌ನನ್ಸ್ ಫ್ಯಾಕ್ಟರಿಯದು, ಆದರೆ ಅದರ ವಂಶ ಇಂಗ್ಲೆಂಡಿನ ವೆಬ್ಲಿ. ನಡುವಿನಲ್ಲಿ ಮಡಚಿ ತೆರೆದುಕೊಳ್ಳುವ ಜಾತಿ. ಗುಂಡು ಹಾರುವ ನಳಿಕೆ ಹಿಡಿದ ಕೈಗಿಂತ ಮೇಲಿರುವುದರಿಂದ ಒದೆತ ಬಂದಾಗ ಮೂತಿ ಮೇಲೇಳುತ್ತದೆ, ಹಿಡಿ ಅಂಗೈಯಲ್ಲಿ ತಿರುಗುತ್ತದೆ, ಹೆಬ್ಬೆರಳು ತೋರುಬೆರಳ ನಡುವಿನ ಕವಲಿಗೆ ಪೆಟ್ಟು ಬೀಳುತ್ತದೆ. ಹಿಡಿ ತೆಳ್ಳಗಿದ್ದಷ್ಟೂ ಆ ಪೆಟ್ಟು ಒಂದೇ ಗೆರೆಯ ಮೇಲೆ ಕೂರುತ್ತದೆ. ದಪ್ಪಗಿದ್ದರೆ ಅಂಗೈ ತುಂಬ ಹಂಚಿಹೋಗುತ್ತದೆ. ವೆಬ್ಲಿಯವರೂ 1915ರ ಆರನೇ ಮಾದರಿಯಲ್ಲಿ ಹಕ್ಕಿಯ ಕೊಕ್ಕಿನಂತೆ ಬಾಗಿದ ಹಳೆಯ ಹಿಡಿ ಬಿಟ್ಟು ಚೌಕನೆಯ ಹಿಡಿಗೆ ಬಂದಿದ್ದರು. 2014ರ ಜನವರಿಯಲ್ಲಿ ಕಾನ್ಪುರದ ಫೀಲ್ಡ್ ಗನ್ ಫ್ಯಾಕ್ಟರಿ ಹೆಂಗಸರಿಗೆಂದು ‘ನಿರ್ಭೀಕ್’ ಎಂಬ ರಿವಾಲ್ವರ್ ಹೊರತಂದಿತು. ಅರ್ಧ ಕೆಜಿ ತೂಕ, ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿದ ಬೆಲೆ, ಒಡವೆ ಇಡುವಂಥ ಪೆಟ್ಟಿಗೆ. ಹಗುರವಾದಷ್ಟೂ ಒದೆತ ಹೆಚ್ಚು ಎಂಬುದನ್ನು ಆ ಪೆಟ್ಟಿಗೆ ಹೇಳುವುದಿಲ್ಲ. ಹೆಂಗಸಿನ ಕೈ ಎಂದರೆ ಬರೀ ಚಿಕ್ಕ ಕೈ ಎಂದುಕೊಂಡವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಅದು ಬೇರೆ ಮಾತು.

ವಿದೇಶಿ ರಿವಾಲ್ವರುಗಳಿಗೆ ರಬ್ಬರಿನದು, ಬೆರಳಿಗೊಂದು ಗುಳಿ ಇರುವುದು, ಕೆತ್ತನೆಯ ಗೆರೆ ಹಾಕಿದ ಮರದ್ದು, ಬೇಕಾದಷ್ಟು ಗ್ರಿಪ್ಪುಗಳಿವೆ. ಅಪ್ಪನದಕ್ಕೆ ಕೂರುವುದು ನನಗೆ ಸಿಗಲಿಲ್ಲ. ಕೊನೆಗೆ ಅಪ್ಪನೇ ಸ್ಕ್ರೂ ಬಿಚ್ಚಿ ಎರಡು ಕಪ್ಪು ಪ್ಲಾಸ್ಟಿಕ್ ಹೋಳುಗಳನ್ನು ಪೇಪರಿನಲ್ಲಿ ಸುತ್ತಿಕೊಟ್ಟ. “ಆಚಾರ್ರ ಹತ್ರ ಮಾಡಿಸೋಣ. ಗನ್ನು ಮನೆಯಿಂದಾಚೆ ಬರಲ್ಲ, ಇಷ್ಟೇ ತಗೊಂಡೋಗು.”

ಹೋಳುಗಳ ಅಳತೆ ಸಾಲದು, ಕೈಯ ಅಳತೆಯೂ ಬೇಕು. ಅಮ್ಮ ಗೊಣಗುತ್ತಲೇ ಚಪಾತಿ ಹಿಟ್ಟು ಗಟ್ಟಿಯಾಗಿ ಕಲಸಿಕೊಟ್ಟಳು. ಹೋಳುಗಳನ್ನು ಒಂದು ರಿಪೀಸು ಪಟ್ಟಿಗೆ ಕಟ್ಟಿ, ಸುತ್ತ ಹಿಟ್ಟು ಮೆತ್ತಿ, “ಹಿಡ್ಕೋ ಅಪ್ಪ” ಅಂದೆ. ಹಿಡಿದ. ಬುದ್ಧಿ ತಿಳಿದ ಮೇಲೆ ಅವನ ಕೈಯನ್ನು ನಾನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಹೆಬ್ಬೆರಳ ಬುಡದ ಮೂಳೆ ಊದಿ ಹೊರಬಂದಿದೆ. ಕೀಲು ಸವೆದಿದೆ ಎಂದು ಡಾಕ್ಟರು ಹೇಳಿಯಾಗಿತ್ತು. ಹಿಟ್ಟಿನಲ್ಲಿ ನಾಲ್ಕು ಬೆರಳು ಆಳವಾಗಿ ಮೂಡಿದವು, ಹೆಬ್ಬೆರಳಿನ ಗುರುತು ಮೂಡಲೇ ಇಲ್ಲ. ಅಪ್ಪನೂ ಅದನ್ನು ನೋಡಿದ. “ಹಿಟ್ಟು ಗಟ್ಟಿಯಾಯ್ತು” ಅಂದ.

ಆಗಲೇ ಹೇಳಬೇಕಿತ್ತು. ಸಡಿಲ ಕೈಯಲ್ಲಿ ತುಂಬಿದ ರಿವಾಲ್ವರ್ ಕಳ್ಳನಿಗಿಂತ ಮನೆಯವರಿಗೇ ಅಪಾಯ ಅಂತ. ಹೇಳದೆ ಸ್ಕೇಲು ತಗೊಂಡು ಬೆರಳುಗಳ ಅಗಲ ಬರೆದುಕೊಂಡೆ. ಬಾಯಿ ಬಿಡಲು ಕಷ್ಟವಾದಾಗ ಅಳತೆ ತೆಗೆಯುವುದು ಸಂಶೋಧಕರ ಹಳೇ ಚಾಳಿ.

ಆಚಾರ್ರು ಒಣಗಿ ಬಿರಿದಿದ್ದ ಹಿಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದ್ಯಾವ ಕಾವವ್ವಾ?” ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ನೇಗಿಲಿಗಾದರೆ ಜಾಲಿ ಹಾಕುತ್ತಿದ್ದೆ, ಇಷ್ಟು ತೆಳ್ಳಗಿನ ಕೆಲಸಕ್ಕೆ ಬೀಟೆಯೇ ಆಗಬೇಕು ಎಂದು ಮುರಿದ ಹಳೇ ಮಂಚದ ಕಾಲೊಂದನ್ನು ಮೂಲೆಯಿಂದ ಎಳೆದರು. “ಕೊಡಲಿ ಕಾವು ಕುಲಕ್ಕೆ ಸಾವು ಅಂತಾರೆ, ಮರಕ್ಕೆ ಮಾತ್ರ ಹೇಳಿದ್ದಲ್ಲ ಅದು” ಎಂದು ನಕ್ಕರು. ಉಳಿ, ಅರ, ಸ್ಯಾಂಡ್‌ಪೇಪರು. ನಾಲ್ಕು ದಿನದ ಕೆಲಸ. ಕೊನೆಗೆ ಅಗಸೆ ಎಣ್ಣೆ ತಿಕ್ಕಿದಾಗ ಮರದೊಳಗಿಂದ ನೇರಳೆ ಗೆರೆಗಳು ಎದ್ದವು. ಚೆಂದವಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಅಪ್ಪ ಗುಂಡಿನ ಮನೆಗಳು ಖಾಲಿಯಿವೆಯೇ ಎಂದು ಮೂರು ಸಲ ನೋಡಿ, ಹೊಸ ಹಿಡಿ ಕೂರಿಸಿ, ಯಾರೂ ಇಲ್ಲದ ಹಿತ್ತಿಲ ಗೋಡೆಯ ಕಡೆ ನಿಂತ. “ಕೈಗೆ ಕೈ ಕೊಟ್ಟಂಗೈತೆ ಕಣಮ್ಮ.” ಮುಖದಲ್ಲಿ ಬೆಳಕು. ಆಮೇಲೆ ಟ್ರಿಗರ್ ಎಳೆಯಲು ಹೋದ. ಹಿಡಿ ದಪ್ಪವಾಗಿ ಟ್ರಿಗರ್ ದೂರವಾಗಿತ್ತು. ಬೆರಳ ತುದಿಯಷ್ಟೇ ತಾಗಿತು. ಒಂದೇ ಎಳೆತಕ್ಕೆ ಹ್ಯಾಮರ್ ಎದ್ದು ಬೀಳಬೇಕಾದರೆ ಬೆರಳಲ್ಲಿ ಬಲ ಬೇಕು. ಮೂತಿ ನಡುಗಿ ಕೆಳಗಿಳಿಯಿತು. ಮೊದಲೇ ಹ್ಯಾಮರ್ ಎಳೆದಿಟ್ಟುಕೊಂಡರೆ ಟ್ರಿಗರ್ ಹಗುರ, ಆದರೆ ಅದನ್ನು ಎಳೆಯುವುದು ಹೆಬ್ಬೆರಳು. ತೆರೆಯುವ ಕೊಂಡಿ ಒತ್ತುವುದೂ ಹೆಬ್ಬೆರಳೇ.

ಆಚಾರ್ರು ಎರಡು ಸಲ ಕೆತ್ತಿ ತೆಳ್ಳಗೆ ಮಾಡಿಕೊಟ್ಟರು. ತೆಳ್ಳಗಾದಷ್ಟೂ ಬೆರಳು ಟ್ರಿಗರ್ ಮುಟ್ಟಿತು, ಅಂಗೈಗೆ ನೋವು ಮರಳಿತು. ಎರಡರ ನಡುವೆ ಎಲ್ಲೋ ಒಂದು ಸರಿಯಾದ ಅಳತೆ ಇರುತ್ತದೆ ಎಂದು ನಾನೂ ನಂಬಿದ್ದೆ. ಆರೋಗ್ಯವಾದ ಕೈಗೆ ಇರುತ್ತದೆ.

“ಇನ್ನೊಂದ್ಸಲ ಕೊಡಲಾ ಅಪ್ಪ?”

“ಬೇಡ. ಇನ್ನೂ ಕೆತ್ತಿದ್ರೆ ಮರ ಸೀಳ್ತದೆ.”

ಲೈಸೆನ್ಸ್ ಅವಧಿ ಮುಗಿಯುತ್ತಾ ಬಂದಿದೆ. 2019ರ ತಿದ್ದುಪಡಿಯ ಮೇಲೆ ಮೂರು ವರ್ಷದ ಬದಲು ಐದು ವರ್ಷಕ್ಕೆ ಕೊಡುತ್ತಾರೆ. ಐದು ವರ್ಷ ಎಂದಾಗ ಅಪ್ಪ ಬೆರಳು ಮಡಿಸಿ ಏನೋ ಲೆಕ್ಕ ಹಾಕಿದ. ಹೋದ ವಾರ ನನ್ನನ್ನು ಕರೆದು ಎರಡು ಅರ್ಜಿ ಬರೆದುಕೊಡು ಅಂದ, ನವೀಕರಣಕ್ಕೊಂದು, ಒಪ್ಪಿಸುವುದಕ್ಕೊಂದು. ಬರೆದುಕೊಟ್ಟೆ. ಎರಡಕ್ಕೂ ಸಹಿ ಹಾಕಿ ಪರ್ಸಿನಲ್ಲಿಟ್ಟುಕೊಂಡಿದ್ದಾನೆ. ಅಮ್ಮ ಯಾವುದು ಎಂದು ಕೇಳಿಲ್ಲ, ನಾನೂ ಕೇಳಿಲ್ಲ. ಸಹಿ ಹಾಕುವಾಗ ನೋಡಿದೆ, ಅವನ ಪೆನ್ನಿಗೆ ಕೊಬ್ಬರಿ ಚೀಲದ ಸುತಳಿಯನ್ನು ಒತ್ತಾಗಿ, ಬೆರಳು ಕೂರುವಷ್ಟು ದಪ್ಪಕ್ಕೆ ಸುತ್ತಿಕೊಂಡಿದ್ದ.