ಲೋಧಿ ಕಾಲೋನಿಯಲ್ಲೊಂದು ರೋಡ್‌ಕಿಂಗ್

ನಮ್ಮ ಬ್ಲಾಕಿನ ಕಮಾನಿನ ಕೆಳಗೆ ಟಾರ್ಪಾಲು ಹೊದ್ದು ನಿಂತಿದ್ದ ಬೈಕು ಮೈಸೂರಿನಲ್ಲಿ ತಯಾರಾದದ್ದು ಎಂದರೆ ಇಲ್ಲಿ ಯಾರೂ ನಂಬುತ್ತಿರಲಿಲ್ಲ. ಯೆಜ್ಡಿ ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, 16 ಬಿಎಚ್‌ಪಿ. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಕಿಕ್ಕರ್‌ಗೂ ಗೇರಿಗೂ ಒಂದೇ ಲಿವರ್. ಇದನ್ನು ಮಾಡುತ್ತಿದ್ದ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ನಿವೃತ್ತರಾಗಿ ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಸರ್ದಾರ್ಜಿಯೊಬ್ಬರು ಗುಜರಿ ಬೆಲೆಗೆ ಕೊಟ್ಟರು.

ಓಡಿಸುವುದಕ್ಕಲ್ಲ. 15 ವರ್ಷ ದಾಟಿದ ಪೆಟ್ರೋಲ್ ಗಾಡಿ ದೆಹಲಿ ಸುತ್ತಮುತ್ತ ರಸ್ತೆಗಿಳಿಯಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಟೂ ಸ್ಟ್ರೋಕ್ ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುತ್ತದೆ. ಇಲ್ಲಿಯ ನವೆಂಬರ್ ಗಾಳಿ ಕುಡಿದವನಿಗೆ ಆ ಆದೇಶದ ಮೇಲೆ ಸಿಟ್ಟು ಬರುವುದಿಲ್ಲ.

ಕೊಂಡದ್ದು ಅಪ್ಪನಿಗೆ. ಮೈಸೂರಿನಲ್ಲಿ ಮೂವತ್ತು ವರ್ಷ ಗ್ಯಾರೇಜು ನಡೆಸಿದವರು, ಯೆಜ್ಡಿಗಳೇ ನಮಗೆ ಅನ್ನ ಹಾಕಿದ್ದು. ಈಗ ಕಣ್ಣು ಮಂಜು, ಗ್ಯಾರೇಜಿಲ್ಲ. ನಮ್ಮ ಫೋನು ಮಾತುಕತೆ ‘ಊಟ ಆಯ್ತಾ’ ದಾಟಿ ಹೋಗದೆ ಎಷ್ಟೋ ವರ್ಷವಾಗಿತ್ತು.

ಬೈಕು ಸ್ಟಾರ್ಟ್ ಆಗುತ್ತಿತ್ತು. ಆದರೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕೂಗು ಇಳಿಯುತ್ತಿರಲಿಲ್ಲ. ಕೋಟ್ಲಾದ ಮೆಕ್ಯಾನಿಕ್ ಕಾರ್ಬುರೇಟರ್ ಬದಲಿಸಿ ಕೈಚೆಲ್ಲಿದ. ಫೋನನ್ನು ಎಂಜಿನ್ ಹತ್ತಿರ ಹಿಡಿದೆ. ಅಪ್ಪ ಅರ್ಧ ನಿಮಿಷ ಕೇಳಿ, “ಗಾಳಿ ಕದೀತಿದೆ ಕಣೋ. ಪಾಯಿಂಟ್ ಇರೋ ಬದಿ ಕ್ರ್ಯಾಂಕ್ ಸೀಲ್ ನೋಡ್ಸು” ಅಂದರು.

ಟೂ ಸ್ಟ್ರೋಕಿನಲ್ಲಿ ಪೆಟ್ರೋಲೂ ಗಾಳಿಯೂ ಬೆರೆತು ಮೊದಲು ಹೋಗುವುದು ಕ್ರ್ಯಾಂಕ್‌ಕೇಸಿಗೆ. ಸೀಲಿನ ರಬ್ಬರ್ ಒಣಗಿ ಸೆಟೆದರೆ ಅಲ್ಲಿಂದ ಲೆಕ್ಕಕ್ಕಿಲ್ಲದ ಗಾಳಿ ನುಗ್ಗುತ್ತದೆ. ಆಗ ಮಿಶ್ರಣ ತೆಳುವಾಗುತ್ತದೆ. ಪೆಟ್ರೋಲಿನಲ್ಲೇ ಎಣ್ಣೆ ಇರುವುದರಿಂದ ಎಣ್ಣೆಯೂ ಸಾಲದೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಬಿಚ್ಚಿದಾಗ ಸೀಲು ಹಪ್ಪಳದಂತೆ ಮುರಿಯಿತು. ಪಿಸ್ಟನ್ ಮೈಮೇಲೆ ಆಗಲೇ ಗೀರುಗಳಿದ್ದವು.

ಬಿಡಿಭಾಗಕ್ಕೆ ಕರೋಲ್ ಬಾಗಿನ ನಾಈವಾಲಾ ಗಲ್ಲಿ. (‘ನಾಈ’ ಅಂದರೆ ಕ್ಷೌರಿಕ, ನಮ್ಮ ನಾಯಿಯಲ್ಲ.) ಸೀಲು, ಬೇರಿಂಗು, ಓವರ್‌ಸೈಜ್ ಪಿಸ್ಟನ್. ಸಿಲಿಂಡರ್ ಬೋರ್ ಮಾಡಿಸಿ, ಸೈಲೆನ್ಸರ್ ಒಳಗಿನ ಕೊಳವೆಗಳನ್ನು ಬೆಂಕಿಗೆ ಹಾಕಿ ಮಸಿ ಕೆರೆಸಿದ್ದಾಯಿತು. ಪಾಯಿಂಟಿನ ಸಂದು 0.4 ಮಿ.ಮೀ., ಲೀಟರಿಗೆ 40 ಮಿ.ಲೀ. ಎಣ್ಣೆ, ಎಲ್ಲ ಅಪ್ಪನ ಲೆಕ್ಕ. ರಾತ್ರಿ ಒಂಬತ್ತಕ್ಕೆ ಅವರೇ ಫೋನ್ ಮಾಡತೊಡಗಿದರು.

ಉಳಿದದ್ದು ಮೇನ್ ಜೆಟ್. ಪೂರ್ತಿ ವೇಗದಲ್ಲಿ ಓಡಿಸಿ, ತಟ್ಟನೆ ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು. ಕಾಫಿಪುಡಿ ಬಣ್ಣವಿದ್ದರೆ ಸರಿ. ಬಿಳಿಚಿದರೆ ಪೆಟ್ರೋಲ್ ಕಮ್ಮಿ, ಕಪ್ಪಾದರೆ ಜಾಸ್ತಿ. ರಸ್ತೆಗಿಳಿಸದೆ ಇದಾಗುವುದಿಲ್ಲ.

“ಅಲ್ಲಿ ಸೆಟ್ ಮಾಡಿ ಏನುಪಯೋಗ?” ಅಂದರು ಅಪ್ಪ. ಜನವರಿಯ ದೆಹಲಿ ಗಾಳಿ ತಣ್ಣಗೆ, ದಟ್ಟ; ಅದಕ್ಕೆ ದೊಡ್ಡ ಜೆಟ್ ಬೇಕು. ಇಲ್ಲಿ ಸಮುದ್ರಮಟ್ಟದಿಂದ ಸುಮಾರು 215 ಮೀಟರ್, ಮೈಸೂರಿನಲ್ಲಿ ಸುಮಾರು 760. ಅಲ್ಲಿಯ ಗಾಳಿಗೆ ಇಲ್ಲಿಯ ಜೆಟ್ ಅತಿಯಾಗುತ್ತದೆ. ಅಮೆರಿಕ, ಕೆನಡಾಗಳಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲಿಗೂ ಹೀಗೆಯೇ ಅಂತೆ: ಹಳೆಯ ಟೂ ಸ್ಟ್ರೋಕ್‌ಗಳಲ್ಲಿ ಎಷ್ಟು ಚಳಿಗೆ, ಎಷ್ಟು ಎತ್ತರಕ್ಕೆ ಯಾವ ಜೆಟ್ ಎಂಬ ಪಟ್ಟಿಯನ್ನೇ ಅಂಟಿಸಿರುತ್ತಾರೆ.

ಎನ್‌ಒಸಿ ಕೈಗೆ ಬಂದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಗೋಣಿ ಸುತ್ತಿಸಿ, ನಿಜಾಮುದ್ದೀನ್‌ನಿಂದ ಸ್ವರ್ಣಜಯಂತಿ ಎಕ್ಸ್‌ಪ್ರೆಸ್ಸಿಗೆ ಹಾಕಿದೆ. ಮೂರು ಅಳತೆಯ ಜೆಟ್ಟುಗಳನ್ನು ಮಾತ್ರೆ ಡಬ್ಬಿಯಲ್ಲಿಟ್ಟು ಕೊರಿಯರ್ ಮಾಡಿದೆ.

ಮುಂದಿನ ಭಾನುವಾರ ಪಕ್ಕದ ಮನೆ ಹುಡುಗ ಓಡಿಸಿದನಂತೆ, ಅಪ್ಪ ಗೇಟಿನ ಹತ್ತಿರ ನಿಂತು ಕೇಳಿದರಂತೆ. “ಪ್ಲಗ್ ಕಾಫಿಗಿಂತ ಒಂಚೂರು ಕಪ್ಪು ಅಂತಾನೆ. ನನ್ನ ಕಿವಿಗೂ ಹಾಗೇ ಅನ್ನಿಸ್ತು. ನಾಳೆ ಚಿಕ್ಕ ನಂಬರ್ ಹಾಕ್ಸಿ ನೋಡ್ತೀನಿ. ನೀನು ಒಂಬತ್ತಕ್ಕೆ ಫೋನ್ ಎತ್ತು.”