ಕಂಬಳಿಯ ಗೂಡಿನಲ್ಲಿ ವಚನದ ದನಿ



ವಚನವೆಂದರೆ ಆಡಿದ ಮಾತು. ತಾಡೋಲೆಯಲ್ಲಿ ಉಳಿದುದನ್ನು ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೂಲಕ ಅಚ್ಚಿಗೆ ತಂದರು, ಅಕ್ಷರ ಉಳಿಯಿತು. ಮಲ್ಲಿಕಾರ್ಜುನ ಮನ್ಸೂರರಂತಹ ಗಾಯಕರು ಹಾಡಿದ ವಚನಗಳು ಧ್ವನಿಮುದ್ರಿಕೆಗಳಲ್ಲಿ ಉಳಿದವು. ಆದರೆ ಮನೆಯ ಪಡಸಾಲೆಯಲ್ಲಿ, ಪೂಜೆಯ ಹೊತ್ತಿನಲ್ಲಿ, ಅತ್ತೆಯಿಂದ ಸೊಸೆಗೆ ಬಂದ ಧಾಟಿಗಳು ಬಹುಮಟ್ಟಿಗೆ ಹಾಡುವವರ ಉಸಿರಿನೊಡನೆಯೇ ಹೋಗುತ್ತವೆ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಾನು ವಾಸವಿರುವ ಅಪಾರ್ಟ್‌ಮೆಂಟಿನ ಎದುರು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ. ಅವರ ವಚನಗಾಯನವನ್ನು ಹಿಂದೊಮ್ಮೆ ಸಭಾಂಗಣವೊಂದರಲ್ಲಿ ಮುದ್ರಿಸಲಾಗಿತ್ತು. ಅದರಲ್ಲಿ ಮೊದಲ ಸಾಲುಗಳು ಕೇಳುತ್ತವೆ, ಅಂಕಿತ ಕೇಳುವುದಿಲ್ಲ. ಅಂಕಿತ ಬರುವುದು ಕೊನೆಗೆ. ಅಷ್ಟರಲ್ಲಿ ವೃದ್ಧರ ಉಸಿರು ಇಳಿದಿರುತ್ತದೆ. ಆ ಕ್ಷೀಣ ಸ್ವರವನ್ನು ದೊಡ್ಡ ಕೋಣೆಯ ಮಾರ್ದನಿ ನುಂಗಿಬಿಡುತ್ತದೆ. ಅಂಕಿತವೇ ಇಲ್ಲದಿದ್ದರೆ ಆ ಮಾತು ಯಾರಿಗೆ ನಿವೇದಿತವಾಯಿತೆಂದು ತಿಳಿಯುವುದೆಂತು? ಸ್ಟುಡಿಯೋಕ್ಕೆ ಹೋಗಲು ಅವರ ಮೊಣಕಾಲು ಒಪ್ಪದು. ಆದ್ದರಿಂದ ಮನೆಯಲ್ಲಿಯೇ ಒಂದು ಧ್ವನಿಮುದ್ರಣದ ಗೂಡು ಕಟ್ಟಲು ನಿಶ್ಚಯಿಸಿದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡನ್ನು ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿದ್ದೂ ಹೋಟೆಲಿನ ಕೋಣೆಯಲ್ಲಿ ತಾನೆ!

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಹೊರಗಿನ ಸದ್ದನ್ನು ತಡೆಯಲು ಭಾರವಾದ ಗೋಡೆ, ಬಿರುಕಿಲ್ಲದ ಬಾಗಿಲು ಬೇಕು. ಅದು ಅಗ್ಗದ ಮಾತಲ್ಲ. ಒಳಗಿನ ಮಾರ್ದನಿಯನ್ನು ಹೀರಲು ದಪ್ಪನೆಯ, ನಾರುನಾರಾದ ವಸ್ತು ಸಾಕು. ಮೊಟ್ಟೆಯ ಟ್ರೇಗಳನ್ನು ಗೋಡೆಗೆ ಅಂಟಿಸಿರೆಂದು ಕೆಲವರು ಸಲಹೆ ನೀಡಿದರು. ಶಾಕಾಹಾರಿಯ ಸಂಕೋಚ ಒತ್ತಟ್ಟಿಗಿರಲಿ, ಆ ತೆಳುರಟ್ಟು ಹೊರಗಿನ ಸದ್ದನ್ನು ತಡೆಯದು, ಒಳಗಿನದನ್ನೂ ಸರಿಯಾಗಿ ಹೀರದು. 1000 ಹರ್ಟ್ಸ್ ಸ್ವರದ ಅಲೆಯ ಉದ್ದ ಸುಮಾರು 34 ಸೆಂಟಿಮೀಟರ್; 100 ಹರ್ಟ್ಸ್ ಸ್ವರದ್ದು 3.4 ಮೀಟರ್. ಸ್ವರ ಇಳಿದಷ್ಟೂ ಹೊದಿಕೆ ದಪ್ಪವಾಗಿರಬೇಕು, ಇಲ್ಲವೆ ಗೋಡೆಯಿಂದ ದೂರವಿರಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಚಳ್ಳಕೆರೆಯ ಕುರಿಯುಣ್ಣೆಯ ಕಂಬಳಿಗಿಂತ ಮಿಗಿಲಾದುದು ಕಾಣಲಿಲ್ಲ. ಪಿ.ವಿ.ಸಿ. ಪೈಪಿನಿಂದ ನಾಲ್ಕಡಿ ಅಗಲ, ನಾಲ್ಕಡಿ ಆಳ, ಆರಡಿ ಎತ್ತರದ ಚೌಕಟ್ಟು ಜೋಡಿಸಿದೆ. ಬಾಡಿಗೆಯ ಮನೆಯಾದುದರಿಂದ ಮೊಳೆಯಿಲ್ಲ. ಬಿಚ್ಚಲು ಬರಬೇಕೆಂದು ಅಂಟೂ ಇಲ್ಲ. ಕಂಬಳಿಗಳನ್ನು ಇಮ್ಮಡಿ ಮಡಿಸಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಳಿಬಿಟ್ಟೆ. ಮೇಲೆ ತಾಯಿ ಹೊಲಿದ ಕೌದಿ, ಕೆಳಗೆ ಜಮಖಾನ. ಪೈಪು, ಎಲ್ಬೋ, ಎರಡು ಹೊಸ ಕಂಬಳಿ ಸೇರಿ ಖರ್ಚು 4,000 ರೂಪಾಯಿಯ ಒಳಗೆ. ಮೈಕಿನ ಬೆಲೆ ಬೇರೆ.

ನಾಲ್ಕೂ ಕಡೆ ಮುಚ್ಚಿದ ಗೂಡಿನೊಳಗೆ ಅಜ್ಜಿಯನ್ನು ಕುರ್ಚಿಯ ಮೇಲೆ ಕೂರಿಸಿದಾಗ ಅವರು ಸುಮ್ಮನೆ ಕುಳಿತರು. ಬಳಿಕ, “ಇಲ್ಲಿ ಯಾರಿಗ್ ಹೇಳ್ಲಪ್ಪಾ? ಕಂಬ್ಳಿಗಾ?” ಎಂದರು.

ಅವರ ಪ್ರಶ್ನೆ ನ್ಯಾಯವಾದದ್ದು. ವಚನ ಎದುರಿಗಿದ್ದವರಿಗೆ ಹೇಳುವ ಮಾತು. ಮುಂದಿನ ಕಂಬಳಿಯನ್ನು ತೆಗೆದು, ಮೈಕಿನ ಹಿಂದೆ ನಾನೇ ಕುಳಿತೆ. ಇದಕ್ಕೆ ತಂತ್ರಜ್ಞಾನವೂ ಅನುಕೂಲವೇ ಆಯಿತು. ಒಂದೇ ದಿಕ್ಕಿಗೆ ಕಿವಿಗೊಡುವ ಮೈಕು ತನ್ನ ಬೆನ್ನ ಹಿಂದಿನದನ್ನು ಅಷ್ಟಾಗಿ ಕೇಳದು. ಹಾಡುವವರನ್ನೂ ಅವರ ಬೆನ್ನ ಹಿಂದಿನ ಗೋಡೆಯನ್ನೂ ಕೇಳುತ್ತದೆ. ಆದ್ದರಿಂದ ಕಂಬಳಿ ಮುಖ್ಯವಾಗಿ ಬೇಕಾದದ್ದು ಅಜ್ಜಿಯ ಹಿಂದೆ. ಮುಂದಿನಿಂದ ತೆಗೆದುದನ್ನು ಅಲ್ಲಿಗೇ ಸೇರಿಸಿದೆ.

ಮೈಕು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇದ್ದರೆ ‘ಪ’ಕಾರ, ‘ಭ’ಕಾರಗಳ ಉಸಿರು ನೇರವಾಗಿ ಬಡಿಯುವುದಿಲ್ಲ. ದೂರ ಇಮ್ಮಡಿಯಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಮಾರ್ದನಿ ಮಾತ್ರ ಹಾಗೆಯೇ ಉಳಿಯುತ್ತದೆ. ಸದ್ದನ್ನು ತಾನಾಗಿಯೇ ಅಳಿಸುವ ತಂತ್ರಾಂಶವನ್ನು ನಾನು ಬಳಸುವುದಿಲ್ಲ. ಅದು ಕ್ಷೀಣವಾದ ದನಿಯನ್ನೂ ಸದ್ದೆಂದೇ ಎಣಿಸಿ ಅಳಿಸೀತು, ಅಳಿಯುವುದು ಅಂಕಿತವೇ.

ಹೊರಗಿನ ಸದ್ದಿಗೆ ಬ್ರಾಹ್ಮೀ ಮುಹೂರ್ತವೇ ಪರಿಹಾರ. ನಾಲ್ಕೂವರೆಗೆ ಫ್ಯಾನು, ಫ್ರಿಜ್ಜು ನಿಲ್ಲಿಸುತ್ತೇವೆ. ನೀರಿನ ಪಂಪನ್ನು ಆರಕ್ಕೆ ಮುನ್ನ ಹಾಕದಿರಲು ಕಾವಲುಗಾರರು ಸಮ್ಮತಿಸಿದ್ದಾರೆ. ನಮ್ಮೂರಿನ ಬೇಸಗೆಯಲ್ಲಿ ಕಂಬಳಿಯ ನಡುವೆ ಹತ್ತು ನಿಮಿಷಕ್ಕಿಂತ ಹೆಚ್ಚು ಕೂರಿಸಲಾಗದು. ನಡುನಡುವೆ ಬಿಸಿನೀರು, ವಿಶ್ರಾಂತಿ.

ಈವರೆಗೆ 23 ವಚನಗಳಾಗಿವೆ. ಇನ್ನೆಷ್ಟಿವೆಯೆಂಬುದು ಅಜ್ಜಿಗೂ ಲೆಕ್ಕವಿಲ್ಲ. ಹಾಡುತ್ತಿದ್ದಂತೆ ಒಂದು ಇನ್ನೊಂದನ್ನು ಕರೆತರುತ್ತದೆ. ಮಳೆಗಾಲ ಬಂದರೆ ಅವರಿಗೆ ಕೆಮ್ಮು. ಅದಕ್ಕೆ ಮೊದಲೇ ಆದಷ್ಟನ್ನು ಮುಗಿಸಬೇಕಾಗಿದೆ. ಬಳಿಕ ಚೌಕಟ್ಟು ಖಾಲಿಯಾಗುತ್ತದೆ. ಬಿಚ್ಚಿ ಕಟ್ಟಿದರೆ ಅದು ಕಂಬಳಿಗಳ ಸಮೇತ ಒಂದು ಆಟೋದಲ್ಲಿ ಹಿಡಿಯುತ್ತದೆ. ದಾವಣಗೆರೆ, ಹರಿಹರಗಳ ಭಕ್ತರ ಮನೆಗಳಲ್ಲಿ ಇಂತಹ ಹಿರಿಯರಿದ್ದರೆ ಮಠಕ್ಕೆ ತಿಳಿಸಿರಿ. ನಾನೇ ತಂದು ಜೋಡಿಸಿಕೊಡುತ್ತೇನೆ.